ರಕ್ತದ ಪುಟ ಕಾಯುವ ಗದಿಗೆಮ್ಮ

ಹೈದರಾಬಾದಿನ ನಾರಾಯಣಗೂಡದ ಹಾಸ್ಟೆಲುಗಳಲ್ಲಿ ಕೋಚಿಂಗ್ ಸೆಂಟರಿನ ಮಕ್ಕಳು ಹಲ್ಲುಜ್ಜುತ್ತ ಬಾಲ್ಕನಿಗೆ ಬರುವ ಹೊತ್ತು. ಕೆಳಗೆ ಇಡ್ಲಿ ಗಾಡಿಯವನು ಮೊದಲ ತಟ್ಟೆಗೆ ಎಣ್ಣೆ ಸವರುತ್ತಿದ್ದಾನೆ. ಎದುರು ಓಣಿಯ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯೊಳಗೆ, ಗದಿಗೆಮ್ಮ ಸ್ವೆಟರಿನ ತೋಳು ಮೇಲೇರಿಸಿಕೊಂಡು ಕೀಬೋರ್ಡಿನ ಮುಂದೆ ಕೂತಿದ್ದಾರೆ. ತಲೆ ಬಾಚಿಕೊಳ್ಳಲು ಪುರಸೊತ್ತಾಗಿಲ್ಲ. ಕೂದಲು ಸುತ್ತಿ ಒಂದು ಪೆನ್ನು ಸಿಕ್ಕಿಸಿದ್ದಾರೆ. ಪಕ್ಕದ ಚಹಾ ಕೆನೆಗಟ್ಟಿ ಕೂತಿದೆ.

ಅವರ ಕಾಲ ಬಳಿ ಹಳೆಯ ಕಂಪ್ಯೂಟರೊಂದು ಮುಚ್ಚಳ ತೆರೆದುಕೊಂಡು ಬಿದ್ದಿದೆ. ವರ್ಷಗಟ್ಟಲೆ ಹಗಲು ರಾತ್ರಿ ನಡೆದ ಸರ್ವರ್ ಅದು. ನಿನ್ನೆ ಸಂಜೆ ಕಟಕಟ ಎಂದು ಸದ್ದು ಮಾಡಿ ನಿಂತುಹೋಯಿತು. ಹೊಸದು ಬಂದು ಮೇಜಿನ ಮೇಲೆ ಕೂತು ಕೆಲವು ದಿನಗಳಾಗಿವೆ. ಮುಂದಿನ ವಾರ ನಿಧಾನವಾಗಿ ಒಂದೊಂದೇ ಕೆಲಸವನ್ನು ಅದಕ್ಕೆ ಸಾಗಿಸಬೇಕು ಎಂದುಕೊಂಡಿದ್ದರು. ಈಗ ಆ ಮಾತಿಲ್ಲ. ಆರು ಗಂಟೆಗೆ ಪುಟ ತೆರೆಯಬೇಕು.

ಪುಟ ಎಂದರೆ ರಕ್ತದ ಪುಟ. ಈ ಕಟ್ಟಡದಲ್ಲಿರುವುದು ದಾನಿಗಳ ನೆರವಿನಿಂದ ನಡೆಯುವ ಒಂದು ಸಣ್ಣ ಕೇಂದ್ರ. ಥಲಸ್ಸೀಮಿಯಾ ಕಾಯಿಲೆಯ ಮಕ್ಕಳಿಗೆ ಇಲ್ಲಿ ರಕ್ತ ಏರಿಸುತ್ತಾರೆ. ಹುಟ್ಟಿನಿಂದಲೇ ಬರುವ ಈ ಕಾಯಿಲೆಯಲ್ಲಿ ಮಗುವಿನ ಮೈ ತನಗೆ ಬೇಕಾದಷ್ಟು ರಕ್ತವನ್ನು ತಾನೇ ಮಾಡಿಕೊಳ್ಳಲಾರದು. ಎರಡು ಮೂರು ವಾರಕ್ಕೊಮ್ಮೆ ಹೊರಗಿನಿಂದ ಕೊಡುತ್ತಲೇ ಇರಬೇಕು. ನಾನೂರಕ್ಕೂ ಹೆಚ್ಚು ಮಕ್ಕಳು ಈ ಕೇಂದ್ರವನ್ನು ನಂಬಿದ್ದಾರೆ. ಅವರಲ್ಲಿ ಅರ್ಧದಷ್ಟು ಹೈದರಾಬಾದಿನವರಲ್ಲ. ಬೀದರ್, ರಾಯಚೂರು, ಜಹೀರಾಬಾದ್, ಮಹಬೂಬ್‌ನಗರದ ಕಡೆಯವರು.

ಬೆಳಿಗ್ಗೆ ಆರಕ್ಕೆ ಮನೆಯವರು ಫೋನಿನಲ್ಲಿ ಈ ಪುಟ ತೆರೆದು ಮಗುವಿನ ನಂಬರು ಹಾಕುತ್ತಾರೆ. ‘ರಕ್ತ ಸಿದ್ಧ’ ಎಂದು ಬಂದರೆ ಅದರ ಕೆಳಗಿರುವ ‘ಬರುತ್ತೇವೆ’ ಎಂಬ ಗುಂಡಿ ಒತ್ತಬೇಕು. ಒತ್ತಿದ ಗಳಿಗೆಯಿಂದ ಆ ಚೀಲ ಆ ಮಗುವಿನದು. ಬೇರೆ ಯಾರಿಗೂ ಹೋಗುವುದಿಲ್ಲ. ಎಂಟರೊಳಗೆ ಒತ್ತದೇ ಹೋದರೆ ಚೀಲ ಕಾಯುತ್ತಿರುವ ಇನ್ನೊಂದು ಮಗುವಿಗೆ.

ಈ ಪುಟ ನಡೆಯುವಂತೆ ನೋಡಿಕೊಳ್ಳುವುದು ನಲವತ್ತಾರು ವರ್ಷದ ಗದಿಗೆಮ್ಮನವರ ಕೆಲಸ. ಕಾಚಿಗೂಡದ ಮನೆಯಲ್ಲಿ ಅವರ ಅತ್ತೆ ಇದನ್ನು ‘ಕಂಪ್ಯೂಟರ್ ಕಾಯೂ ಕೆಲಸ’ ಎನ್ನುತ್ತಾರಂತೆ. “ತಪ್ಪೇನಿಲ್ರಿ,” ಎನ್ನುತ್ತಾರೆ ಗದಿಗೆಮ್ಮ, ಕಣ್ಣು ಪರದೆಯಿಂದ ಕದಲಿಸದೆ. “ಖರೇನ ಕಾಯಾಕತ್ತೀನಿ. ಹೊಲಾ ಕಾದಂಗ. ಬೆಳಿ ಮಾತ್ರ ಬ್ಯಾರೇದವ್ರದು.”

ಬಾಗಿಲಲ್ಲಿ ಒಂದು ತಲೆ ಇಣುಕುತ್ತದೆ. ಪ್ರಯೋಗಾಲಯದ ವಿಜಯಕುಮಾರ. ಫ್ರಿಜ್ಜಿನಲ್ಲಿರುವ ಚೀಲಗಳ ವಿವರವನ್ನು ಕಂಪ್ಯೂಟರಿಗೆ ಏರಿಸುವವನು, ಒತ್ತಿದವರ ಚೀಲಕ್ಕೆ ಹೆಸರಿನ ಚೀಟಿ ಕಟ್ಟುವವನು ಅವನೇ. ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲಿ.

“ಅರೆ ಮೇಡಂ, ಟೆನ್ಷನ್ ನಕ್ಕೋ. ಹೊಸಾ ಸೊಸಿ ಬಂದಾಳ, ಮೊದಲನೇ ದಿನಾನ ಮದುವಿ ಅಡಿಗಿ ಮಾಡು ಅಂದ್ರ ಹೆಂಗ ಮಾಡ್ತಾಳ ಆಕಿ?”

“ಆಕಿ ಮಾಡ್ತಾಳ. ಬ್ಯಾಳಿ ಎಲ್ಲೈತಿ, ಉಪ್ಪು ಎಲ್ಲೈತಿ ನಾ ತೋರಿಸಬೇಕಲ್ಲ. ನೀ ಹೋಗಪಾ, ಲೈಟಿಗೆ ಅಡ್ಡ ನಿಂತೀದಿ.”

ಆರು ಹೊಡೆಯುತ್ತದೆ. ಪುಟ ತೆರೆಯುತ್ತದೆ. ನಂಬರು ಹಾಕುವ ಚೌಕವೂ ಬರುತ್ತದೆ. ಗದಿಗೆಮ್ಮ ತಮ್ಮ ಫೋನಿನಲ್ಲಿ ಒಂದು ನಂಬರು ಹಾಕಿ ಒತ್ತುತ್ತಾರೆ. ಉತ್ತರ ಬರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ಆವರಣ ಚಿಹ್ನೆಗಳ ಉದ್ದನೆಯ ಸಾಲುಗಳು ಸುರಿಯುತ್ತವೆ. ಅದೇ ಹೊತ್ತಿಗೆ ಮೇಜಿನ ಮೇಲಿನ ಫೋನು ರಿಂಗಾಗುತ್ತದೆ. ಬೀದರ್ ಬಸ್ ನಿಲ್ದಾಣದಿಂದ ಶಾರದಾಬಾಯಿ, ಒಂಬತ್ತು ವರ್ಷದ ಪಿಂಕಿಯ ಅಜ್ಜಿ.

“ಯಕ್ಕಾ, ಪಿಂಕಿ ನಂಬರ್ ಹಾಕ್ದೆ. ಬರೇ ಎಬಿಸಿಡಿ ಬಂದಾದ್ರಿ, ಮಾರುದ್ದ. ಇದು ಹಾಂ ಅಂದಂಗೋ ಇಲ್ಲ ಅಂದಂಗೋ?”

ಗದಿಗೆಮ್ಮ ಕೈ ಚಾಚಿ ಯಂತ್ರದ ಹಿಂದಿನ ನೀಲಿ ವೈರನ್ನು ಕಿತ್ತುಬಿಡುತ್ತಾರೆ. ಪುಟ ಸಾಯುತ್ತದೆ.

ಏನಾಯಿತು ಎಂಬುದನ್ನು ಅವರು ಆಮೇಲೆ ಬಿಡಿಸಿ ಹೇಳುತ್ತಾರೆ. ಸರ್ವರ್ ಎಂದರೆ ಕೇಳಿದವರಿಗೆ ಕೇಳಿದ್ದನ್ನು ಕೊಡುವ ಕಂಪ್ಯೂಟರು. ಫೋಟೊ ಕೇಳಿದರೆ ಫೋಟೊ, ವಿಳಾಸ ಕೇಳಿದರೆ ವಿಳಾಸ. ಡಬ್ಬಿಯಿಂದ ಉಂಡೆ ತೆಗೆದು ಮಗುವಿನ ಕೈಗಿಟ್ಟ ಹಾಗೆ. ಆದರೆ ‘ಇವತ್ತು ಪಿಂಕಿಗೆ ರಕ್ತ ಇದೆಯೇ’ ಎಂಬುದಕ್ಕೆ ಉತ್ತರ ಯಾವ ಡಬ್ಬಿಯಲ್ಲೂ ಇರುವುದಿಲ್ಲ. ಯಾರಾದರೂ ಒಳಗೆ ಹೋಗಿ, ವಿಜಯಕುಮಾರ ಏರಿಸಿದ ವಿವರ ನೋಡಿ, ಆಗಿಂದಾಗ ಉತ್ತರ ಮಾಡಿ ತರಬೇಕು. ಅದನ್ನು ಮಾಡುವ ವಿಧಾನವನ್ನು ಸಾಲುಸಾಲಾಗಿ ಬರೆದಿಟ್ಟ ಫೈಲಿಗೆ ಸ್ಕ್ರಿಪ್ಟ್ ಎನ್ನುತ್ತಾರೆ. ಇದು ತೆಗೆದು ಕೊಡುವ ಫೈಲಲ್ಲ, ಓದಿ ಅದರಂತೆ ಮಾಡುವ ಫೈಲು ಎಂದು ಸರ್ವರಿಗೆ ಹೇಳಿಕೊಡದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಹೊಸ ಸರ್ವರಿಗೆ ಗದಿಗೆಮ್ಮ ಅದನ್ನು ಹೇಳಿಕೊಟ್ಟಿದ್ದರು, ಆದರೆ ಬೇರೆ ಫೋಲ್ಡರಿನ ಹೆಸರಿನಲ್ಲಿ. ಹೀಗಾಗಿ ಅದು ಸ್ಕ್ರಿಪ್ಟನ್ನು ನಡೆಸುವ ಬದಲು ಇದ್ದ ಹಾಗೆಯೇ ಎತ್ತಿ ಕೇಳಿದವರ ಕೈಗೆ ಕೊಟ್ಟಿತು. ಮಕ್ಕಳ ವಿವರವಿರುವ ಕೋಣೆಯ ಬೀಗದ ಪದವೂ, ಅಂದರೆ ಪಾಸ್‌ವರ್ಡೂ, ಆ ಸಾಲುಗಳ ನಡುವೆಯೇ ಇತ್ತು.

“ಮನೀ ಕೀಲಿ ಯಾರ ಕೈಯಾಗ ಹೋತೋ ಗೊತ್ತಿಲ್ಲ. ಮೊದಲ ಕೀಲಿ ಬದಲಿ ಮಾಡಬೇಕು,” ಎನ್ನುತ್ತ ಅವರು ಹೊಸ ಪದ ಹಾಕುತ್ತಾರೆ. ಅವಸರದಲ್ಲಿ ಎರಡು ಸಲ ತಪ್ಪುತ್ತದೆ.

ಪದ ಬದಲಾಯಿತೇ ಎಂದು ನೋಡಲು ವಿವರಗಳ ಪಟ್ಟಿಯನ್ನು ಒಮ್ಮೆ ತೆರೆಯಬೇಕಾಗುತ್ತದೆ. ಅಲ್ಲಿ, ಬೇಡವೆಂದರೂ, ಕಣ್ಣಿಗೆ ಬೀಳುತ್ತದೆ: ಪಿಂಕಿ, ಬಿ ನೆಗೆಟಿವ್, ಸಿದ್ಧ. ಫ್ರಿಜ್ಜಿನಲ್ಲಿ ಆ ಗುಂಪಿನ ರಕ್ತ ಇರುವುದು ಅದೊಂದೇ ಚೀಲ. ಅದರ ಕೆಳಗೆ, ಅದೇ ಗುಂಪಿಗೆ ಕಾಯುತ್ತಿರುವ ಇನ್ನೊಂದು ಹೆಸರು: ತನ್ವಿ, ಮಲಕ್‌ಪೇಟೆ. ಗದಿಗೆಮ್ಮ ಪಟ್ಟಿ ಮುಚ್ಚುತ್ತಾರೆ.

ಆಮೇಲೆ ಹೇಳಿಕೊಡುವ ಕೆಲಸ. ಸರ್ವರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಕಪ್ಪು ಪರದೆಯ ಮೇಲೆ ಅದರ ನಿಯಮಗಳ ಫೈಲು ತೆರೆದುಕೊಳ್ಳುತ್ತದೆ. ಈ ಫೋಲ್ಡರಿನಲ್ಲಿರುವುದನ್ನು ಕೊಡಬೇಡ, ನಡೆಸು. ನಡೆಸುವಾಗ ಯಜಮಾನನ ಹೆಸರಿನಲ್ಲಿ ನಡೆಸಬೇಡ. ಪುಟದ ಕೆಲಸಕ್ಕೆಂದೇ ಇಟ್ಟಿರುವ ಪ್ರತ್ಯೇಕ ಹೆಸರಿನಲ್ಲಿ ನಡೆಸು, ಹೊರಗಿನವರು ಏನೇ ಕಿತಾಪತಿ ಮಾಡಿದರೂ ಪಡಸಾಲೆ ದಾಟಿ ಒಳಗೆ ಬರಬಾರದು. ಬರೆದದ್ದು ಸರಿಯಿದೆಯೇ ಎಂದು ಸರ್ವರನ್ನೇ ಕೇಳುತ್ತಾರೆ. ಸರಿಯಿದೆ ಎನ್ನುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡುತ್ತಾರೆ. ನೀಲಿ ವೈರು ಸಿಕ್ಕಿಸುತ್ತಾರೆ. ಫೋನಿನಲ್ಲಿ ನಂಬರು ಹಾಕಿ ಒತ್ತುತ್ತಾರೆ.

ಈ ಸಲ ಎಬಿಸಿಡಿ ಇಲ್ಲ. ಬಿಳೀ ಪುಟ, ನಡುವೆ ಐದುನೂರು ಎಂಬ ಅಂಕೆ. ಒಳಗೆ ಏನೋ ಕೆಟ್ಟಿದೆ, ಏನೆಂದು ಹೇಳಲಾರೆ ಎಂದು ಸರ್ವರು ಹೇಳುವ ರೀತಿ ಅದು.

ಇಷ್ಟು ಹೊತ್ತಿಗೆ ಮೇಲಿನ ಮಹಡಿಯಿಂದ ಡಾ. ನಲಿನಿ ಇಳಿದು ಬಂದಿದ್ದಾರೆ. ಕೇಂದ್ರದ ಹೊಣೆ ಅವರದು. ಮೈಸೂರು ಕಡೆಯವರು, ದನಿ ಎಂದೂ ಏರಿಸುವುದಿಲ್ಲ.

“ಎಷ್ಟು ಹೊತ್ತಾಗಬಹುದು ಗದಿಗೆಮ್ಮ?”

“ಗೊತ್ತಿಲ್ರಿ ಮೇಡಂ.”

“ಎಂಟಕ್ಕೆ ನಾನು ಚೀಲಗಳನ್ನ ಬಿಡಲೇಬೇಕಾಗುತ್ತೆ. ಹೊರಗೆ ಇದೇ ಊರಿನ ಮಕ್ಕಳು ಬಂದು ಕೂತಿದಾರೆ. ರಕ್ತ ಹೊಂದಿಸಿ ನೋಡೋದಕ್ಕೇ ಒಂದು ಗಂಟೆ, ಏರಿಸೋದಕ್ಕೆ ನಾಲ್ಕು ಗಂಟೆ. ತಡ ಮಾಡಿದರೆ ಯಾರಿಗೂ ಆಗಲ್ಲ.”

“ಹೊರಗಿನ ಊರವ್ರದು?”

ಡಾಕ್ಟರು ತಣ್ಣಗಾದ ಚಹಾದ ಲೋಟ ಎತ್ತಿಕೊಂಡು ಹೋಗಿ, ಬಿಸಿ ಮಾಡಿಸಿ ತಂದಿಟ್ಟು ಹೋಗುತ್ತಾರೆ.

ಮೇಜಿನ ಮೇಲಿನ ಫೋನು ಈಗ ಬಿಡದೆ ಹೊಡೆದುಕೊಳ್ಳುತ್ತಿದೆ. ರಾಯಚೂರು, ಜಹೀರಾಬಾದ್, ನಾರಾಯಣಪೇಟೆ. ವಿಜಯಕುಮಾರ ಎತ್ತಿ ಎತ್ತಿ ತೆಲುಗಿನಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಒಂದೇ ಮಾತು ಹೇಳುತ್ತಿದ್ದಾನೆ: ಸ್ವಲ್ಪ ತಡೀರಿ. ಒಂದು ಕರೆಯನ್ನು ಮಾತ್ರ ಅವನು ಗದಿಗೆಮ್ಮನವರ ಕಡೆ ಚಾಚುತ್ತಾನೆ. “ನಿಮಗೇ ಕೊಡು ಅಂತಾಳ ಮುದುಕಿ.”

ಫೋನಿನ ಆಚೆ ಬಸ್ಸಿನ ಎಂಜಿನ್ನಿನ ಗುರುಗುರು, ‘ಹೈದ್ರಾಬಾದ್, ಹೈದ್ರಾಬಾದ್’ ಎಂಬ ಕಂಡಕ್ಟರನ ಕೂಗು.

“ಯಕ್ಕಾ, ಏಳೂವರಿ ಬಸ್ ನಿಂತಾದ. ಹತ್ಲ್ಯೋ ಬ್ಯಾಡೋ?”

“ಪುಟ ಇನ್ನೂ ಚಾಲೂ ಆಗಿಲ್ರಿ ಅಜ್ಜಿ.”

“ಇದು ಬಿಟ್ರ ಮುಂದಿನ ಬಸ್ಸಿಗಿ ಬಂದ್ರ ಹಾಸಗಿ ಸಿಗಲ್ಲ ಅಂತೀರಿ. ಹುಡುಗಿ ಬೆಂಚಿನ ಮ್ಯಾಲ ಹಂಗೇ ವರಗ್ಯಾದ. ತುಟಿ ನೋಡ್ರಿ, ಸುಣ್ಣ ಹಚ್ಚಿದಂಗ ಆಗ್ಯಾವ. ಹೋದ ತಿಂಗಳು ಸುಮ್ನ ಬಂದು ಹೊಳ್ಳಿ ಹೋಗಾಗ ಬಸ್ಸಿನ್ಯಾಗೇ ಕಣ್ಣು ಮ್ಯಾಲ ಮಾಡ್ತು. ಮತ್ತ ಹಂಗ ಮಾಡ್ಲಾಕ ನನಗ ಧೈರ್ಯ ಇಲ್ಲ.”

ಗದಿಗೆಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಳ್ಳುತ್ತಾರೆ.

“ನೀವು ಅಲ್ಲೇ ಕುಂತೀರಿ. ನಿಮ್ಮ ಕಂಪ್ಯೂಟರಿನ್ಯಾಗ ಕಾಣ್ತದ. ಕಣ್ಣಿಲೆ ನೋಡಿ ಒಂದು ಮಾತು ಹೇಳ್ರಿ. ಅದನೋ ಇಲ್ಲೋ?”

“ಹೇಳಂಗಿಲ್ರಿ ಅಜ್ಜಿ.”

“ಗೊತ್ತಿಲ್ಲ ಅಂತೀರೇನು?”

“ಗೊತ್ತಿಲ್ಲ ಅಂತ ಸುಳ್ಳು ಹೇಳಂಗಿಲ್ಲ. ಬಾಯಿಲೆ ಹೇಳಂಗಿಲ್ಲ, ಅಷ್ಟ.”

ಫೋನು ಕಟ್ಟಾಗುತ್ತದೆ. ವಿಜಯಕುಮಾರ ಮೆಲ್ಲಗೆ ಹೇಳುತ್ತಾನೆ, “ಹತ್ತಿ ಬಾ ಅನ್ನಬಹುದಿತ್ತಲ್ಲ ಮೇಡಂ. ದಾರ್‍ಯಾಗ ನೋಡ್ಕೊಂತಿದ್ಲು.”

“ಹತ್ತು ಅಂದ್ರ ಐತಿ ಅಂದಂಗ. ಎಂಟಕ್ಕ ಆ ಬಾಟ್ಲಿ ತನ್ವಿಗೆ ಹೋತಂದ್ರ? ಅರ್ಧ ದಾರ್‍ಯಾಗ ಆ ಕೂಸಿನ್ನ ಎಲ್ಲಿ ಇಳಸ್ತಿ ನೀ?”

ಬಾಯಿಂದ ಹೇಳಬಾರದು ಎಂಬುದು ಈ ಕೇಂದ್ರದ ಕಟ್ಟುನಿಟ್ಟು. ಪುಟ ಬರುವ ಮೊದಲು ಇಲ್ಲಿ ಎರಡು ಫೋನುಗಳಿದ್ದವು, ಎತ್ತಲು ಇಬ್ಬರು. ಒಂದು ದಿನ ಒಂದೇ ಚೀಲ ನೋಡಿಕೊಂಡು ಒಬ್ಬರು ಆದೋನಿಯ ಮನೆಗೆ ‘ಐತಿ, ಬರ್ರಿ’ ಎಂದರು. ಇನ್ನೊಬ್ಬರು ತಾಂಡೂರಿನ ಮನೆಗೆ ಅದನ್ನೇ ತೆಲುಗಿನಲ್ಲಿ ‘ಉಂದಿ, ರಂಡಿ’ ಎಂದರು. ಎರಡು ಮಕ್ಕಳೂ ಬಂದವು. ಒಂದು ಮಗು ತಂದೆಯ ಹೆಗಲ ಮೇಲೆ ಹಾಗೇ ಹಿಂದಿರುಗಿತು. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅಂದಿನಿಂದ ಚೀಲದ ಬಗ್ಗೆ ಯಾರೂ, ಡಾಕ್ಟರೂ ಸೇರಿ, ಬಾಯಿಬಿಡುವುದಿಲ್ಲ. ಗುಂಡಿ ಒತ್ತಿದರೆ ಮಾತ್ರ ಚೀಲ ನಿಲ್ಲುತ್ತದೆ. ಮಾತಿಗೆ ನಿಲ್ಲುವುದಿಲ್ಲ.

ಹಾಗಾಗಿ ಈಗ ಗದಿಗೆಮ್ಮನಿಂದ ಪಿಂಕಿಗೆ ಆಗಬಹುದಾದ ಉಪಕಾರ ಒಂದೇ: ಆ ಐದುನೂರನ್ನು ಹೋಗಲಾಡಿಸುವುದು.

ಸರ್ವರು ತನ್ನ ತೊಂದರೆಗಳನ್ನು ಗುರುತು ಹಾಕಿಕೊಳ್ಳುವ ಜಾಗದಲ್ಲಿ ಅವರು ನೋಡುತ್ತಾರೆ. ‘ಅನುಮತಿ ಇಲ್ಲ’ ಎಂದಿದೆ. ಕಾರಣ ತಕ್ಷಣ ಹೊಳೆಯುತ್ತದೆ. ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಮೂರು ಬಗೆಯ ಹಕ್ಕು: ಓದುವುದು, ತಿದ್ದುವುದು, ನಡೆಸುವುದು. ಈ ಹಕ್ಕುಗಳು ಒಡೆಯನಿಗೆ ಬೇರೆ, ಅವನ ಗುಂಪಿನವರಿಗೆ ಬೇರೆ, ಹೊರಗಿನವರಿಗೆ ಬೇರೆ. ಸ್ಕ್ರಿಪ್ಟಿನ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ತಂದಾಗ ‘ನಡೆಸುವ’ ಹಕ್ಕು ದಾರಿಯಲ್ಲೇ ಉದುರಿಹೋಗಿದೆ. ಫೈಲು ಇದೆ, ಓದಲು ಬರುತ್ತದೆ, ನಡೆಸಲು ಅಪ್ಪಣೆಯಿಲ್ಲ.

ಗೋಡೆಯ ಗಡಿಯಾರ ನೋಡುತ್ತಾರೆ. ಏಳು ದಾಟಿದೆ. ಹೆದರಿದ ಕೈ ಹೆದರಿದ ಕೆಲಸವನ್ನೇ ಮಾಡುತ್ತದೆ. ಎಲ್ಲ ಹಕ್ಕುಗಳನ್ನೂ ಎಲ್ಲರಿಗೂ ಕೊಟ್ಟುಬಿಡುತ್ತಾರೆ. ಅಂಕೆಗಳಲ್ಲಿ ಏಳು ಏಳು ಏಳು. ಯಾರು ಬೇಕಾದರೂ ಓದಲಿ, ತಿದ್ದಲಿ, ನಡೆಸಲಿ. ಒಮ್ಮೆ ನಡೆದರೆ ಸಾಕು. ಆಮೇಲೆ ಸರಿ ಮಾಡಿದರಾಯಿತು.

ಒತ್ತುತ್ತಾರೆ. ಐದುನೂರು.

ಮತ್ತೆ ಒತ್ತುತ್ತಾರೆ. ಅದೇ ಐದುನೂರು. ಗುರುತು ಹಾಕುವ ಜಾಗದಲ್ಲಿ ಈಗ ಬೇರೆ ಮಾತು: ಸ್ಕ್ರಿಪ್ಟು ಏನೂ ಹೇಳದೆ ಮುಗಿದುಹೋಯಿತು.

“ಎಲ್ಲಾ ಕೊಟ್ನೆಲ್ಲೋ, ಇನ್ನೇನ್ ಬೇಕಂತ ಇದಕ್ಕ?” ಎಂದು ಅವರು ಮೇಜಿಗೆ ಅಂಗೈ ಬಡಿಯುತ್ತಾರೆ. ಲೋಟ ಅಲುಗಿ ಬಿಸಿ ಚಹಾ ಕೀಬೋರ್ಡಿನ ಅಂಚಿಗೆ ಚೆಲ್ಲುತ್ತದೆ. ವಿಜಯಕುಮಾರ ತನ್ನ ಬಿಳಿ ಕೋಟಿನ ತೋಳಿನಿಂದಲೇ ಒರೆಸುತ್ತಾನೆ. ಅವನು ಈಗ ತಮಾಷೆ ಮಾಡುತ್ತಿಲ್ಲ.

ಗದಿಗೆಮ್ಮ ಕುರ್ಚಿ ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ಕೂರುತ್ತಾರೆ. ಜ್ವರದ ಮಗುವನ್ನು ಎತ್ತಿಕೊಂಡವರು ಹೀಗೆ ಕೂರುವುದುಂಟು, ಮುಂದೇನು ಎಂದು ಹೊಳೆಯದಾಗ. ಆಮೇಲೆ ದೊಡ್ಡ ಸ್ಕ್ರಿಪ್ಟನ್ನು ಬಿಟ್ಟು, ಅದೇ ಫೋಲ್ಡರಿನಲ್ಲಿ ಹೊಸದೊಂದು ಚಿಕ್ಕ ಸ್ಕ್ರಿಪ್ಟು ಬರೆಯುತ್ತಾರೆ. ಮೂರೇ ಸಾಲು. ಅದು ಮಾಡುವುದಿಷ್ಟೇ: ಕರೆದರೆ ‘ಇದ್ದೀನಿ’ ಅನ್ನುವುದು. ಅದಕ್ಕೆ ರೂಢಿಯಂತೆ ನಡೆಸುವ ಹಕ್ಕು ಕೊಟ್ಟು ಒತ್ತುತ್ತಾರೆ.

‘ಇದ್ದೀನಿ.’

“ಹಂಗಾರ ಸರ್ವರ್ ಸರಿ ಐತಿ,” ಎನ್ನುತ್ತಾರೆ, ಯಾರಿಗೋ ಅಲ್ಲ, ತಮಗೆ ತಾವೇ. “ಇದ ಫೋಲ್ಡರ್. ಇದ ಒಡೆಯ. ಅದು ನಡೀತು, ಇದ್ಯಾಕ ನಡೀವಲ್ದು?”

ಎರಡೂ ಫೈಲುಗಳ ವಿವರವನ್ನು ಒಂದರ ಕೆಳಗೊಂದು ತರಿಸಿ ಬೆರಳಿಟ್ಟು ಓದುತ್ತಾರೆ. ಒಡೆಯನ ಹಕ್ಕು, ಎರಡಕ್ಕೂ ಒಂದೇ. ಗುಂಪಿನವರದು, ಚಿಕ್ಕದಕ್ಕೆ ತಿದ್ದುವ ಹಕ್ಕಿಲ್ಲ, ದೊಡ್ಡದಕ್ಕಿದೆ. ಹೊರಗಿನವರದು, ಚಿಕ್ಕದಕ್ಕಿಲ್ಲ, ದೊಡ್ಡದಕ್ಕಿದೆ. ಬೆರಳು ಅಲ್ಲಿಯೇ ನಿಲ್ಲುತ್ತದೆ.

ಬೇರೊಬ್ಬರ ಹೆಸರಿನಲ್ಲಿ ಸ್ಕ್ರಿಪ್ಟು ನಡೆಸುವ ಸರ್ವರಿಗೆ ಒಂದು ಹಟವಿದೆ. ಯಾರು ಬೇಕಾದರೂ ತಿದ್ದಬಹುದಾದ ಫೈಲನ್ನು ಅದು ಮುಟ್ಟುವುದಿಲ್ಲ. ದಾರಿಹೋಕನೊಬ್ಬ ಒಳಗೆ ಏನು ಬರೆದು ಹೋಗಿದ್ದಾನೋ ಯಾರಿಗೆ ಗೊತ್ತು? ಮೊದಲನೆಯ ಸಲ ಹಕ್ಕು ಸಾಲದೆ ನಿಂತಿತ್ತು. ಎರಡನೆಯ ಸಲ ಹಕ್ಕು ಹೆಚ್ಚಾಗಿ ನಿಂತಿದೆ. ಎರಡಕ್ಕೂ ಅದು ತೋರಿಸುವ ಮುಖ ಒಂದೇ, ಐದುನೂರು.

ಅವರು ಅಂಕೆ ಬದಲಿಸುತ್ತಾರೆ. ಏಳು ಐದು ಐದು. ಒಡೆಯನಿಗೆ ಎಲ್ಲವೂ, ಉಳಿದವರು ಓದಬಹುದು, ನಡೆಸಬಹುದು, ತಿದ್ದುವಂತಿಲ್ಲ.

ಒತ್ತುತ್ತಾರೆ. ಪುಟ ಬರುತ್ತದೆ, ಹಸಿರು ಅಂಚಿನ, ಮೂರು ಭಾಷೆಯ ಹಳೆಯ ಪುಟ. ವಿಜಯಕುಮಾರ ‘ಯಾ ಅಲ್ಲಾ’ ಎಂದು ನೆಲದ ಮೇಲೇ ಕೂತುಬಿಡುತ್ತಾನೆ.

ಗದಿಗೆಮ್ಮ ಶಾರದಾಬಾಯಿಗೆ ಫೋನು ಮಾಡುತ್ತಾರೆ. ‘ಪುಟ ಚಾಲೂ ಆಗೈತಿ, ನೋಡ್ರಿ’ ಎನ್ನಲು ಅಡ್ಡಿಯಿಲ್ಲ. ಗಂಟೆ ಹೊಡೆದು ಹೊಡೆದು ನಿಲ್ಲುತ್ತದೆ. ಇನ್ನೊಮ್ಮೆ. ಯಾರೂ ಎತ್ತುವುದಿಲ್ಲ. ಪರದೆಯ ಮೇಲೆ ಒಂದೊಂದೇ ನಂಬರು ಮೂಡತೊಡಗುತ್ತದೆ: ರಾಯಚೂರಿನ ಮಗು, ಬರುತ್ತಾರೆ. ನಾರಾಯಣಪೇಟೆಯ ಮಗು, ಬರುತ್ತಾರೆ. ವಿಜಯಕುಮಾರ ಚೀಟಿ ಕಟ್ಟಲು ಓಡುತ್ತಾನೆ. ಏಳೂವರೆ ಆಗುತ್ತದೆ. ಪಿಂಕಿಯ ನಂಬರಿನ ಎದುರು ಖಾಲಿ.

ಡಾ. ನಲಿನಿ ಬಂದು ಹಿಂದೆ ನಿಂತಿದ್ದಾರೆ. ಹೊರಗೆ ತನ್ವಿಯ ತಾಯಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಎಂಟಾಗುವುದನ್ನೇ ಕಾಯುತ್ತಿದ್ದಾಳೆ. ಎಂಟಕ್ಕೆ ಇನ್ನು ಸ್ವಲ್ಪವೇ ಇದೆ ಎನ್ನುವಾಗ ಖಾಲಿ ಜಾಗದಲ್ಲಿ ಅಕ್ಷರ ಮೂಡುತ್ತದೆ. ಬರುತ್ತಾರೆ.

ಎಲ್ಲಿಂದ ಒತ್ತಿದರು? ಬಸ್ಸಿನಿಂದಲೋ, ಬಸ್ಸು ಹೋದ ಮೇಲೆ ಖಾಲಿ ನಿಲ್ದಾಣದಿಂದಲೋ? ಫೋನು ಈಗಲೂ ಎತ್ತುತ್ತಿಲ್ಲ. ಹನ್ನೆರಡರೊಳಗೆ ಬಾಗಿಲಿಗೆ ಬರದಿದ್ದರೆ ಇವತ್ತು ಹಾಸಿಗೆಯಿಲ್ಲ, ಗುಂಡಿ ಒತ್ತಿದ್ದೂ ವ್ಯರ್ಥ.

ಕಾಯುವ ಆ ಹೊತ್ತಿನಲ್ಲೇ ಗದಿಗೆಮ್ಮ, ಚಹಾ ಚೆಲ್ಲಿದ ಕೀಬೋರ್ಡಿನ ಕೀಲಿಗಳನ್ನು ಒಂದೊಂದಾಗಿ ಕಿತ್ತು ಒರೆಸುತ್ತ, ತಮ್ಮ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ. ಊರು ಕೊಪ್ಪಳ ಜಿಲ್ಲೆಯ ಕುಷ್ಟಗಿ ಹತ್ತಿರ. ಅಪ್ಪ ಸೀರೆ ನೇಯುತ್ತಿದ್ದರು. ಮಗ್ಗದಲ್ಲಿ ಎಳೆ ತಪ್ಪಿದರೆ ಎಲ್ಲಿ ತಪ್ಪಿತೆಂದು ಹಿಂದಕ್ಕೆ ಹಿಂದಕ್ಕೆ ಬಿಚ್ಚಿ ನೋಡುವುದನ್ನು ಕಂಡು ಬೆಳೆದವರು. ಶಾಂತಪ್ಪನವರನ್ನು ಮದುವೆಯಾಗಿ ಹೈದರಾಬಾದಿಗೆ ಬಂದರು. ಗಂಡ ಬೇಗಂ ಬಜಾರಿನ ಕಿರಾಣಿ ಸಗಟು ಅಂಗಡಿಯಲ್ಲಿ ಗುಮಾಸ್ತ. ಹಿಮಾಯತ್‌ನಗರದ ಒಂದು ಕಂಪ್ಯೂಟರ್ ತರಗತಿಯಲ್ಲಿ ಗದಿಗೆಮ್ಮ ಫೋನೆತ್ತುವ ಕೆಲಸಕ್ಕೆ ಸೇರಿದರು, ಸಂಜೆ ಅಲ್ಲಿಯೇ ಲಿನಕ್ಸ್ ಕಲಿಯಲು ಕೂತರು.

“ಪರೀಕ್ಷಾದಾಗ ಎರಡು ಸಲ ಡುಮ್ಕಿ ಹೊಡದೀನ್ರಿ,” ಎಂದು ನಗುತ್ತಾರೆ. “ಮನ್ಯಾಗ ಎರಡು ಸಣ್ಣ ಕೂಸು. ಒಂದಕ್ಕ ಹಾಲು ಕುಡಸ್ಕೊಂತ ಓದೂದು, ಇನ್ನೊಂದು ಪುಸ್ತಕಾನ ಹರಿಯೂದು. ಮೂರನೇ ಸಲ ಹೆಂಗೋ ದಾಟಿದೆ.”

ಕೇಂದ್ರಕ್ಕೆ ಬಂದದ್ದು ಹೆಸರು ವಿಳಾಸ ಟೈಪು ಮಾಡಲು. ರಕ್ತದ ಪುಟ ಮಾಡಿಕೊಟ್ಟವನು ಗಗನ ಎಂಬ ಮೈಸೂರಿನ ಹುಡುಗ. ಗಚ್ಚಿಬೌಲಿಯಲ್ಲಿ ಕೆಲಸ, ಭಾನುವಾರ ಬಂದು ಪುಕ್ಕಟೆ ಬರೆದುಕೊಟ್ಟ. ಬೇರೆ ಊರಿಗೆ ಹೋಗುವ ಮುನ್ನ ತಿಂಗಳುಗಟ್ಟಲೆ ಕೂರಿಸಿಕೊಂಡು ಗದಿಗೆಮ್ಮನಿಗೆ ಒಂದೊಂದು ಸಾಲನ್ನೂ ತಿಳಿಸಿಕೊಟ್ಟ. “ಭಾಳ ಶಾಂತ ಹುಡುಗ. ನಾ ಕೇಳಿದ್ದನ್ನ ಮತ್ತ ಮತ್ತ ಕೇಳಿದ್ರೂ ಬ್ಯಾಸರಾ ಮಾಡ್ಕೋತಿರ್ಲಿಲ್ಲ. ಏಳು ಏಳು ಏಳು ಎಂದೂ ಹಾಕಬ್ಯಾಡ್ರಿ ಅಂತ ಹೇಳಿದ್ದನೂ ಅಂವನ. ಇವತ್ತು ಅದನ್ನ ಹಾಕಿದ್ನೆಲ್ರಿ, ಅಂವ ಇದ್ದಿದ್ರ ಎಷ್ಟು ನಗ್ತಿದ್ದ.”

ಈಗ ಹೊಸ ಬಗೆಯ ಆ್ಯಪುಗಳು ಬಂದಿವೆ, ಇದೆಲ್ಲ ಹಳೆಯ ಕಾಲದ್ದು ಎಂದು ಬಂದು ನೋಡಿದವರು ಹೇಳಿ ಹೋಗುತ್ತಾರೆ. ಗದಿಗೆಮ್ಮ ಅಲ್ಲಗಳೆಯುವುದಿಲ್ಲ. “ಹಳೇದು ಹೌದ್ರಿ. ಆದ್ರ ಶಾರದಾಬಾಯಿಯವ್ರ ಫೋನಿನ್ಯಾಗ ಇದು ತೆರೀತೈತಿ.”

ಹಬ್ಬ ಹುಣ್ಣಿಮೆಗೆ ಊರಿಗೆ ಹೋದರೂ ಅವರು ಆರು ಗಂಟೆಗೆ ಎದ್ದು ಪುಟ ತೆರೆದು ನೋಡಲೇಬೇಕು. ಆಸೆ ಏನು ಎಂದರೆ ತಡಮಾಡದೆ ಹೇಳುತ್ತಾರೆ: “ಇನ್ನೊಬ್ರಿಗೆ ಕಲಸಬೇಕ್ರಿ. ನನಗೊಂದು ಜ್ವರಾ ಬಂದ್ರ ಈ ಮಕ್ಕಳಿಗೆ ಆರು ಗಂಟಿ ಆಗಂಗಿಲ್ಲ. ಯಾರರ ಬರ್ಲಿ, ಎರಡು ಸಲ ಡುಮ್ಕಿ ಹೊಡದವ್ರು ಆದ್ರೂ ನಡೀತೈತಿ.”

ಹನ್ನೊಂದು ದಾಟಿದ ಮೇಲೆ ಬಾಗಿಲಲ್ಲಿ ಆಟೊ ನಿಲ್ಲುವ ಸದ್ದು. ಗದಿಗೆಮ್ಮ ಎದ್ದು ಹೋಗುವುದಿಲ್ಲ. ಕೈಯಲ್ಲಿದ್ದ ಕೀಲಿಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಾರೆ. ಹಸಿರು ಇಳಕಲ್ ಸೀರೆಯ ಮುದುಕಿಯೊಬ್ಬರು ಮಗುವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಬರುತ್ತಾರೆ. ಒಂಬತ್ತು ವರ್ಷದ ಹುಡುಗಿಗೆ ಆರರ ತೂಕ. ಅದೇ ಬಾಗಿಲಿನಿಂದ ತನ್ವಿ ಮತ್ತು ಅವಳ ತಾಯಿ ಹೊರಗೆ ಹೋಗುತ್ತಿದ್ದಾರೆ. ಮಂಗಳವಾರ ಇದೇ ಗುಂಪಿನ ದಾನಿ ಬರುತ್ತಾರೆ, ಅಲ್ಲಿಯವರೆಗೆ ತಡೆಯುವಷ್ಟು ರಕ್ತ ತನ್ವಿಯ ಮೈಯಲ್ಲಿದೆ ಎಂದು ಡಾ. ನಲಿನಿ ಪರೀಕ್ಷಿಸಿಯೇ ಕಳಿಸಿದ್ದಾರೆ. ಇಬ್ಬರೂ ಹೆಂಗಸರು ಬಾಗಿಲಲ್ಲಿ ಎರಡು ಮಾತಾಡಿ ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ.

ರಕ್ತ ಏರತೊಡಗಿ ಒಂದು ಗಂಟೆಯಾದ ಮೇಲೆ ಗದಿಗೆಮ್ಮ ಮಹಡಿಗೆ ಹೋಗುತ್ತಾರೆ. ಪಿಂಕಿಯ ತುಟಿಗೆ ಸ್ವಲ್ಪ ಬಣ್ಣ ಬಂದಿದೆ. ಬಾಯಿಗೂ ಬಂದಿದೆ.

“ಆಂಟಿ, ನಮ್ಮಜ್ಜಿ ನಿಮಗ ಬಸ್ಸಿನ್ಯಾಗ ಭಾಳ ಬೈದಾಳ.”

“ಹೌದಾ? ಎಲ್ಲೀತನ ಬೈದ್ರು?”

“ಸಂಗಾರೆಡ್ಡಿ ತನಕಾ. ಆಮ್ಯಾಲ ನಿದ್ದಿ ಹತ್ತಿತು ಆಕಿಗಿ.”

ಶಾರದಾಬಾಯಿ ಮೊಮ್ಮಗಳ ಬಾಯಿ ಮುಚ್ಚಿಸಲು ಹೋಗುವುದಿಲ್ಲ. “ಬೈದೀನಿ. ಸುಳ್ಳ್ಯಾಕ ಹೇಳ್ಲಿ. ಕಂಡಕ್ಟರ್ ಕಾಲು ಬಿದ್ದು ಬಸ್ ಹತ್ತೀನಿ, ಜಹೀರಾಬಾದಿಗಿ ಇಳದು ಹೊಳ್ಳಿ ಹೋದ್ರಾತು ಅಂತ. ಒಂದು ಕೈಯಾಗ ಕೂಸು, ಒಂದು ಕೈಯಾಗ ಕಂಬಿ. ನಿಮ್ಮ ಫೋನ್ ಎತ್ಲಾಕ ಮೂರನೇ ಕೈ ಎಲ್ಲಿಂದ ತರ್ಲಿ? ಆ ಗುಂಡಿನೂ ಬಾಜೂ ನಿಂತಾವ್ನ ಕೈಲೆ ಒತ್ತಿಸೀನಿ.” ಗದಿಗೆಮ್ಮನ ಮುಖವನ್ನೇ ನೋಡುತ್ತ ಕೇಳುತ್ತಾರೆ, “ನಿಮಗ ಗೊತ್ತಿತ್ತು. ಹೌದಲ್ಲೋ?”

“ಗೊತ್ತಿತ್ರಿ ಅಜ್ಜಿ.”

“ಹೇಳ್ಲಿಲ್ಲ.”

“ಹೇಳ್ಲಿಲ್ಲ. ಮುಂದಿನ ಸಲಾನೂ ಹೇಳಂಗಿಲ್ಲ.”

ಕೊಳವೆಯಲ್ಲಿ ಹನಿ ಹನಿಯಾಗಿ ರಕ್ತ ಇಳಿಯುತ್ತಿದೆ. ಶಾರದಾಬಾಯಿ ಅದನ್ನು ನೋಡುತ್ತಾರೆ. ಆಮೇಲೆ ಬಾಗಿಲ ಕಡೆ ನೋಡುತ್ತಾರೆ.

“ಕೆಳಗ ಒಂದು ಹುಡುಗಿ ಹೊಳ್ಳಿ ಹೋಯ್ತು. ಆಕಿದೂ ಇದೇ ರಕ್ತ ಅಂತ ಹೇಳಿದ್ಳು ಅವ್ರವ್ವ.”

“ಹೂಂನ್ರಿ.”

ಮುದುಕಿ ಪಿಂಕಿಯ ಕಾಲಿನ ಮೇಲೆ ಹೊದಿಕೆ ಎಳೆದು, ಅಂಚು ಮಡಚಿ ಸಿಕ್ಕಿಸುತ್ತಾರೆ.

“ಹೇಳಬ್ಯಾಡ್ರಿ ಹಂಗಾರ,” ಎನ್ನುತ್ತಾರೆ. “ಆದ್ರ ಲಗೂ ಚಾಲೂ ಮಾಡ್ರಿ.”